ನಾನು ಬರೆದ ಕುಲದ ಹೆಸರು

ಕಂಪ್ಯೂಟರ್ ಎಂಜಿನಿಯರುಗಳಿಗೆ ಜರ್ಮನಿ ಗ್ರೀನ್ ಕಾರ್ಡ್ ಕೊಟ್ಟು ಕರೆದ ಕಾಲದ ಆ ನಾಲ್ಕು ವರ್ಷ ಅಲ್ಲಿ ನಾನು ಮಾಡಿದ ಮುಖ್ಯ ಕೆಲಸವೆಂದರೆ ಬೇರೆಯವರ ಫಾರ್ಮು ತುಂಬಿದ್ದು. ನನ್ನ ಗಂಡ ಶ್ವೀಬರ್ಡಿಂಗೆನ್‌ನಲ್ಲಿ ಕಾರಿನ ಎಲೆಕ್ಟ್ರಾನಿಕ್ಸ್ ಮಾಡುವ ಕಡೆ ಎಂಜಿನಿಯರ್. ಅಲ್ಲಿಂದ ಬಸ್ಸಿನಲ್ಲಿ ಹತ್ತು ನಿಮಿಷದ ಒಂದು ಸಣ್ಣ ಊರಿನಲ್ಲಿ, ಮೂರು ಮಹಡಿಯ ಮನೆಯೊಂದರ ನಡುವಿನ ಮಹಡಿಯಲ್ಲಿ ನಾವಿದ್ದೆವು. ಗಂಡನ ವೀಸಾದ ಬಾಲ ಹಿಡಿದು ಬಂದ ನನ್ನಂಥವರು ಕೂಡಲೇ ಕೆಲಸಕ್ಕೆ ಸೇರುವಂತಿರಲಿಲ್ಲ. ಮೂರು ವರ್ಷದ ಮಗಳನ್ನು ಕಿಂಡರ್‌ಗಾರ್ಟನ್‌ಗೆ ಬಿಟ್ಟು ನಾನು ಜರ್ಮನ್ ಕ್ಲಾಸಿಗೆ ಹೋಗತೊಡಗಿದೆ. ಎಂಟು ತಿಂಗಳಲ್ಲಿ ಕ್ಲಾಸಿಗೇ ಮೊದಲಿಗಳಾದೆ. ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಆಮೇಲೆ ಜನ ಬರತೊಡಗಿದರು. ಮನೆ ಬದಲಿಸಿದರೆ ಅನ್‌ಮೆಲ್ಡುಂಗ್ ಎಂಬ ನೋಂದಣಿ, ಮಗುವಿದ್ದರೆ ಕಿಂಡರ್‌ಗೆಲ್ಡ್ ಎಂಬ ಭತ್ಯೆ, ಟೀವಿ ಇದ್ದರೆ ಅದಕ್ಕೊಂದು. ಮೈಸೂರು ಕಡೆಯವರದು ದೊಡ್ಡ ಫಜೀತಿ. ಅವರಿಗೆ ನಮ್ಮ ಧಾರವಾಡದವರ ಹಾಗೆ ಅಡ್ಡಹೆಸರಿಲ್ಲ, ಇನಿಷಿಯಲ್ ಅಷ್ಟೇ. ಪಾಸ್‌ಪೋರ್ಟಿನಲ್ಲಿ ಆ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು ಬರೆದಿರುತ್ತಿದ್ದರು. ಜರ್ಮನರಿಗೆ ಅದೇ ಮನೆತನದ ಹೆಸರು. ಹಲ್ಲಿನ ಡಾಕ್ಟರ ಹತ್ತಿರ ಕೂತರೆ, ಮೈಸೂರಿನಲ್ಲಿ ಆರಾಮಾಗಿ ಪೇಪರ್ ಓದುತ್ತಿರುವ ಅಪ್ಪನ ಹೆಸರನ್ನು ಕೂಗಿ ಒಳಗೆ ಕರೆಯುತ್ತಿದ್ದರು. ಇಂಥವನ್ನೆಲ್ಲ ಬಗೆಹರಿಸಿ ನನಗೆ ಕೊಂಬು ಬಂದಿತ್ತು. ಖಾಲಿ ಬಿಟ್ಟ ಕಾಲಂ ಕಂಡರೆ ನನಗೆ ಒಲೆಯ ಮೇಲೆ ಹಾಲಿಟ್ಟು ಮರೆತ ಹಾಗಾಗುತ್ತಿತ್ತು.

ನಮ್ಮ ಮೇಲಿನ ಮಹಡಿಗೆ ಶಿಲ್ಲಾಂಗಿನ ಗಂಡ ಹೆಂಡಿರು ಬಂದದ್ದು ನಾವು ಬಂದ ಮರುವರ್ಷ. ಖಾಸಿ ಜನ. ಇಬ್ಬರೂ ನನಗಿಂತ ನಾಲ್ಕೈದು ವರ್ಷ ಚಿಕ್ಕವರು. ಗ್ರೀನ್ ಕಾರ್ಡ್ ಇದ್ದದ್ದು ಅವಳಿಗೆ. ಅವಳು ಸಾಫ್ಟ್‌ವೇರ್ ಎಂಜಿನಿಯರ್, ಅವನು ಊರಿನಲ್ಲಿ ಹೈಸ್ಕೂಲಿನ ಮೇಷ್ಟರಾಗಿದ್ದು ಕೆಲಸ ಬಿಟ್ಟು ಜೊತೆಗೆ ಬಂದವನು. ಅಂದರೆ ವೀಸಾದ ಬಾಲ ಹಿಡಿದವರಲ್ಲಿ ಆ ಕಟ್ಟಡದಲ್ಲಿ ನಾವಿಬ್ಬರೇ, ನಾನು ಮತ್ತು ಅವನು. ಅವನು ನನ್ನನ್ನು ‘ಕಾಂಗ್’ ಎಂದು ಕರೆಯುತ್ತಿದ್ದ. ಅವರ ಭಾಷೆಯಲ್ಲಿ ಅಕ್ಕ ಎಂದು. ನಮ್ಮ ಮಾತುಕತೆ ಇಂಗ್ಲಿಷಿನಲ್ಲಿ, ಅದು ಸಾಲದಾದಾಗ ಹಿಂದಿಯಲ್ಲಿ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಆ ಸೀಮೆಯಲ್ಲಿ ಕೇರ್‌ವೋಖೆ ಎಂದೊಂದು ಪದ್ಧತಿ. ಒಂದೊಂದು ವಾರ ಒಂದೊಂದು ಮನೆಯವರು ಮೆಟ್ಟಿಲು, ಅಂಗಳ ಗುಡಿಸಿ ಒರೆಸಬೇಕು. ಸರದಿ ಬಂದವರ ಬಾಗಿಲಿಗೆ ಮರದ ಫಲಕವೊಂದನ್ನು ತೂಗುಹಾಕುತ್ತಾರೆ. ಮೇಲಿನವರ ವಾರದಲ್ಲಿ ಒರೆಸುತ್ತಿದ್ದವನು ಅವನೇ. ಬಕೆಟ್ಟು ಇಟ್ಟುಕೊಂಡು, ತೋಳು ಮಡಚಿಕೊಂಡು, ಮೂಲೆ ಮೂಲೆಗೂ ಕೈ ಹಾಕಿ ಒರೆಸುತ್ತಿದ್ದ. ನನ್ನ ಗಂಡನಿಗೆ ಅದು ದೊಡ್ಡ ತಮಾಷೆ.

“ನೋಡಿಲ್ಲೆ, ಮನಿ ಅಳಿಯಾ ಅಂದ್ರ ಹಿಂಗಿರಬೇಕ. ಹೇಣ್ತಿ ಆಫೀಸಿಗೆ, ಇಂವ ಕಸಬರಗಿ ಹಿಡದ ನಿಂತಾನ.”

“ಮುಂದಿನ ವಾರ ನಮ್ದದರೀ ಕೇರ್‌ವೋಖೆ. ನೀವೂ ಹಿಡೀರಿ, ನಾನೂ ಒಮ್ಮೆ ನೋಡ್ತೀನಿ” ಎಂದೆ.

“ನಂಗ ಮೀಟಿಂಗ್ ಅದ” ಎಂದು ಅವರು ಪೇಪರಿನ ಹಿಂದೆ ಹೋದರು.

ಶನಿವಾರ ನಮ್ಮವರೆಲ್ಲ ಸೇರಿದಾಗಲೂ ಇದೇ ಮಾತು. ಖಾಸಿ ಅಂದರೆ ಹೆಣ್ಣುಮಕ್ಕಳ ರಾಜ್ಯವಂತೆ, ಆಸ್ತಿಯೆಲ್ಲ ಹೆಂಗಸರದಂತೆ, ಗಂಡಸರು ಬಾಯಿ ಬಿಡುವ ಹಾಗಿಲ್ಲವಂತೆ. ನಾನೂ ಒಂದೆರಡು ‘ಅಂತೆ’ ಸೇರಿಸಿದೆ. ಅಳಿಯಸಂತಾನ ಎಂಬುದನ್ನು ಶಾಲೆಯ ಪುಸ್ತಕದಲ್ಲಿ ಓದಿ ಎರಡು ಮಾರ್ಕಿಗೆ ಬರೆದವಳು ನಾನು. ಕರಾವಳಿಯಲ್ಲಿ ಹಿಂದೆ ಹಾಗಿತ್ತು ಎಂಬುದರಾಚೆಗೆ ಏನೂ ತಿಳಿದಿರಲಿಲ್ಲ. ತಿಳಿಯದ ವಿಷಯಕ್ಕೆ ಮಾತು ಜಾಸ್ತಿ.

ಒಂದು ದಿನ ಅವನು ಮೆಟ್ಟಿಲು ಒರೆಸುವಾಗ ಚಹಾಕ್ಕೆ ಕರೆದೆ. ಸುತ್ತಿ ಬಳಸುವುದು ನನಗೆ ಬಾರದು. ನಿಮ್ಮ ಕಡೆ ಗಂಡಸರೇ ಕಸ ಗುಡಿಸುವುದೇ ಎಂದು ನೇರ ಕೇಳಿಬಿಟ್ಟೆ. ಅವನು ಚಹಾ ಕೆಳಗಿಟ್ಟು ಗಟ್ಟಿಯಾಗಿ ನಕ್ಕ.

“ಕಾಂಗ್, ನನ್ನ ಅಮ್ಮ ಇದನ್ನು ನೋಡಿದರೆ ಅಳುತ್ತಾಳೆ. ನಮ್ಮಲ್ಲೂ ಗಂಡಸರು ಕಸಬರಿಗೆ ಮುಟ್ಟುವುದಿಲ್ಲ. ಅವಳಿಗೆ ಆಫೀಸಿದೆ, ನನಗೆ ಪರ್ಮಿಟ್ ಇಲ್ಲ. ಅದಕ್ಕೆ ಒರೆಸುತ್ತೇನೆ.”

ಆಮೇಲೆ ಅವನು ವಿವರಿಸಿದ. ಮೇಷ್ಟರಾಗಿದ್ದವನು, ಚೆನ್ನಾಗಿಯೇ ವಿವರಿಸಿದ. ಮಕ್ಕಳಿಗೆ ತಾಯಿಯ ಕುಲದ ಹೆಸರು. ಮನೆ ಉಳಿಯುವುದು ಕಿರಿಮಗಳಿಗೆ. ಅವಳನ್ನು ಖತ್ದುಹ್ ಎನ್ನುತ್ತಾರೆ. ಅವಳ ಗಂಡ ಅವಳ ತಾಯಿಯ ಮನೆಗೆ ಬಂದು ಇರುತ್ತಾನೆ. ಆದರೆ ಮನೆ ಸಿಕ್ಕಿತೆಂದು ಅವಳು ಮಾರುವಂತಿಲ್ಲ. ಅಪ್ಪ ಅಮ್ಮನನ್ನು ನೋಡಿಕೊಳ್ಳಬೇಕು, ಗಂಡ ಸತ್ತ ಅಕ್ಕನಿಗೂ ಕೆಲಸ ಕಳೆದುಕೊಂಡ ಅಣ್ಣನಿಗೂ ಬಾಗಿಲು ತೆರೆದಿಡಬೇಕು. ಇನ್ನು ಮನೆಯ ದೊಡ್ಡ ಮಾತುಗಳಲ್ಲಿ ಕೊನೆಯ ಮಾತು ತಾಯಿಯ ಅಣ್ಣನದು, ಅಂದರೆ ಸೋದರಮಾವನದು. ಊರ ಪಂಚಾಯ್ತಿಯಲ್ಲಿ ಹಿಂದಿನಿಂದಲೂ ಕೂರುತ್ತ ಬಂದವರು ಗಂಡಸರೇ.

“ಹಾಗಾದರೆ ಅವಳು ಯಜಮಾನಿ ಅಲ್ಲ, ಕಾವಲುಗಾರ್ತಿ” ಎಂದೆ.

“ಅವಳ ಮುಂದೆ ಹೇಳಬೇಡಿ” ಎಂದ ಅವನು.

ಅವನ ಹೆಂಡತಿಯೇ ಆ ಮನೆಯ ಕಿರಿಮಗಳು. ಹಿರಿಯವಳು ಮದುವೆಯಾಗುವ ಮೊದಲೇ ತೀರಿಕೊಂಡಿದ್ದಳು. ನಡುವಿನವಳಿಗೆ ಮೂವರೂ ಗಂಡುಮಕ್ಕಳು. ಗಂಡುಮಕ್ಕಳಿಂದ ಆ ಮನೆ ಮುಂದುವರಿಯುವುದಿಲ್ಲ, ಅವರ ಮಕ್ಕಳು ಅವರವರ ಹೆಂಡತಿಯರ ಕುಲಕ್ಕೆ ಸೇರುತ್ತವೆ. ಇವಳಿಗೆ ಹೆಣ್ಣು ಹುಟ್ಟದಿದ್ದರೆ ಮನೆ ದೊಡ್ಡಮ್ಮನ ಮಗಳ ಕಡೆಗೆ ಹೋಗುತ್ತದೆ. ಇಷ್ಟೂ ನನಗೆ ಆ ದಿನವೇ ತಿಳಿಯಿತು. ಮುಂದಿನ ಶನಿವಾರ ನಮ್ಮವರ ನಡುವೆ ಕೂತು, ಅವನಿಗಿಂತ ಚೆನ್ನಾಗಿ ವಿವರಿಸಿದೆ ಕೂಡ. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಮಾಡಿದ್ದು ಗೊತ್ತಿಲ್ಲದೆ ಮಾಡಿದ್ದಲ್ಲ.

ಅವಳು ಬಸುರಿಯಾದಾಗ ಶಿಲ್ಲಾಂಗಿನಿಂದ ಫೋನಿನ ಮೇಲೆ ಫೋನು. ಎಲ್ಲರೂ ಹೆಣ್ಣಾಗಲಿ ಎಂದು ಹರಸುವವರೇ. ಅದೇ ವಾರ ನಮ್ಮತ್ತೆ ಹುಬ್ಬಳ್ಳಿಯಿಂದ ಫೋನು ಮಾಡಿ, “ಇನ್ನೊಂದು ಆಗ್ಲಿವಾ, ಈ ಸಲ ಗಂಡಾಗ್ತದ, ನಾ ಹರಕಿ ಹೊತ್ತೀನಿ” ಎಂದಿದ್ದರು. ಮೇಲಿನ ಮಹಡಿಗೊಂದು ದೇವರು, ನಮ್ಮ ಮಹಡಿಗೊಂದು ದೇವರು ಬೇಕಾಗಿತ್ತು. ಅವಳಿಗೆ ಇದನ್ನು ಹೇಳಿದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕ ಮೇಲೆ, “ಗಂಡಾದರೂ ನನಗೆ ಸಂತೋಷವೇ. ಆದರೆ ಅಮ್ಮನಿಗೆ ಹೇಗೆ ಹೇಳಲಿ ಎಂದು ಈಗಿನಿಂದಲೇ ಯೋಚಿಸುತ್ತಿದ್ದೇನೆ” ಎಂದಳು. ನನ್ನ ಮಗಳು ಹುಟ್ಟಿದ ದಿನ ನಾನು ಯೋಚಿಸಿದ್ದೂ ಇದನ್ನೇ. ಅದನ್ನು ಅವಳಿಗೆ ಹೇಳಲಿಲ್ಲ.

ಹೆಣ್ಣೇ ಹುಟ್ಟಿತು, ಸಿಸೇರಿಯನ್ ಆಗಿ. ಮೂರನೆಯ ದಿನ ನಾನು ಸಾರು ಅನ್ನ ಕಟ್ಟಿಕೊಂಡು ಆಸ್ಪತ್ರೆಗೆ ಹೋದೆ. ಅವನು ಬಾಗಿಲಲ್ಲೇ ಒಂದು ಫಾರ್ಮು ಹಿಡಿದು ನಿಂತಿದ್ದ. ಜನನ ನೋಂದಣಿಗೆ ಶ್ಟಾಂಡೆಸಾಮ್ಟ್ ಎಂಬ ಕಚೇರಿಗೆ ಹೋಗುವ ಕಾಗದ, ಅಂದೇ ಕೊಡಬೇಕಂತೆ. ನನಗೆ ಅದು ನೀರು ಕುಡಿದಷ್ಟು ಸಲೀಸು. ಕಿಟಕಿಯ ಹತ್ತಿರದ ಮೇಜಿನ ಮೇಲೆ ಅವರ ಪಾಸ್‌ಪೋರ್ಟು, ಮದುವೆಯ ಸರ್ಟಿಫಿಕೇಟು ಹರಡಿಕೊಂಡು ಕೂತೆ. ಮಗುವಿನ ಹೆಸರು ಅವರಿಬ್ಬರೂ ಮೊದಲೇ ಗೊತ್ತು ಮಾಡಿ ಚೀಟಿಯಲ್ಲಿ ಬರೆದಿಟ್ಟಿದ್ದರು, ಅದನ್ನು ಬರೆದೆ. ಅದರ ಕೆಳಗೆ ಮನೆತನದ ಹೆಸರಿನ ಕಾಲಂ. ತಂದೆಯ ಪಾಸ್‌ಪೋರ್ಟು ಎಡಗೈಗೆ ಸಿಗುವಂತಿತ್ತು. ಅದನ್ನು ತೆರೆದು ಅವನ ಕುಲದ ಹೆಸರನ್ನು ದೊಡ್ಡಕ್ಷರದಲ್ಲಿ ತಪ್ಪಿಲ್ಲದೆ ಇಳಿಸಿದೆ.

ಸಹಿಗೆಂದು ಅವನ ಕೈಗೆ ಕೊಟ್ಟೆ. ಅವನು ತುಂಬ ಹೊತ್ತು ನೋಡಿದ.

“ಇಲ್ಲಿ ಹೀಗೇನಾ, ಕಾಂಗ್?”

“ಎಲ್ಲಾ ಕಡೆಗೂ ಹೀಗೇ” ಎಂದೆ.

ಅವನು ಇನ್ನೊಮ್ಮೆ ನೋಡಿ ಸಹಿ ಮಾಡಿದ. ಅವಳ ಹತ್ತಿರ ನಾನೇ ಒಯ್ದೆ. ಅವಳು ಮಲಗಿದಲ್ಲೇ ಕಾಗದವನ್ನು ಮುಖದ ಮೇಲೆ ಎತ್ತಿ ಹಿಡಿದಳು. ಗುರುತು ಹಾಕಿದ ಕಡೆ ಸಹಿ ಮಾಡಿದರೆ ಸಾಕು ಎಂದೆ. ನೋವಿನ ಔಷಧಿಯ ಮಂಪರಿನಲ್ಲಿದ್ದಾಳೆ ಎಂದುಕೊಂಡು ತಲೆದಿಂಬು ಸರಿಮಾಡಿದೆ. ಅವಳು ಸಹಿ ಮಾಡಿ ಕಾಗದ ಕೊಟ್ಟಳು, ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಬಸ್ಸು ಹಿಡಿದು ಕಚೇರಿಗೆ ಒಯ್ದು ಕೊಟ್ಟೆ. ಬರುವಾಗ ನನ್ನನ್ನು ನಾನೇ ಮೆಚ್ಚಿಕೊಂಡು ಬೇಕರಿಯಲ್ಲಿ ಒಂದು ಬ್ರೆಟ್ಸೆಲ್ ರೊಟ್ಟಿ ಕೊಂಡು ತಿಂದೆ.

ಎಲ್ಲ ಗೊತ್ತಿದ್ದೂ ಹೇಗೆ ಬರೆದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ನಮ್ಮ ಕಡೆ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರಡಿ, ವರನ ಕೈಗೆ ಉಂಗುರ ಕೊಟ್ಟು, ಅದರಲ್ಲಿ ಹೆಂಡತಿಗೆ ಹೊಸ ಹೆಸರು ಬರೆಸುತ್ತಾರೆ. ಅಡ್ಡಹೆಸರಷ್ಟೇ ಅಲ್ಲ, ಕರೆಯುವ ಹೆಸರೂ ಬದಲು. ನನ್ನ ಡಿಗ್ರಿ ಒಂದು ಹೆಸರಿನಲ್ಲಿದೆ, ಪಾಸ್‌ಪೋರ್ಟು ಇನ್ನೊಂದರಲ್ಲಿ. ಇಬ್ಬರೂ ಒಬ್ಬಳೇ ಎಂದು ವಕೀಲರಿಂದ ಬರೆಸಿಕೊಂಡ ಕಾಗದ ಮೂರನೆಯದು. ಆ ದಿನ ಅಕ್ಕಿಯಲ್ಲಿ ಹೆಸರು ಓದಿ ನಾನು ನಾಚಿ ನಕ್ಕಿದ್ದ ಫೋಟೋ ಈಗಲೂ ಇದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬುದನ್ನು ಗಾದೆಯೆಂದು ಕೇಳಿ ಬೆಳೆದವಳಿಗೆ, ಹೆಣ್ಣು ಕುಲವನ್ನು ಕೊಡುವವಳೂ ಆಗಬಹುದೆಂಬುದು ಶನಿವಾರದ ಮಾತಿಗಷ್ಟೇ ಆಗುವ ವಿಷಯವಾಗಿತ್ತು.

ಎರಡು ವಾರದ ಮೇಲೆ ಜನನ ಪತ್ರ ಟಪಾಲಿನಲ್ಲಿ ಬಂತು. ಅದೇ ಮಧ್ಯಾಹ್ನ ಅವಳ ತಾಯಿಯ ಫೋನು. ಮಗು ನೋಡಲು ನಾನೂ ಮೇಲೆಯೇ ಇದ್ದೆ. ಅವಳು ಫೋನಿನಲ್ಲಿ ಮಾತಾಡುತ್ತ ಆಡುತ್ತ ಕಾಗದ ಕೈಗೆ ತಗೊಂಡು ಏನೋ ಓದಿದಳು. ಆ ಕಡೆಯಿಂದ ಏರಿದ ದನಿ ನನಗೂ ಕೇಳಿಸಿತು. ಅವಳು ಫೋನು ಇಟ್ಟು ನಮ್ಮ ಕಡೆ ತಿರುಗಿ, ಮನೆತನದ ಹೆಸರು ತಪ್ಪಾಗಿದೆಯಂತೆ, ಬದಲಿಸಬೇಕಂತೆ ಎಂದಳು. ತಾಯಿಯ ಮಾತನ್ನು ದಾಟಿಸಿದಳೇ ಹೊರತು ತನ್ನದೊಂದು ಮಾತೂ ಸೇರಿಸಲಿಲ್ಲ. ಅವನು ಮಗುವಿನ ಬಟ್ಟೆ ಮಡಚುತ್ತಿದ್ದ. ತಲೆ ಎತ್ತಲಿಲ್ಲ.

ನನಗೆ ಆಗ ಬೆಳಕಾಯಿತು. “ತಪ್ಪು ನನ್ನದು, ಪೂರಾ ನನ್ನದು” ಎಂದು ಮೂರು ಸಲ ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ, ಚಹಾ ಮಾಡಲು ಎದ್ದಳು. ಹೊಟ್ಟೆಯ ಹೊಲಿಗೆ ಇನ್ನೂ ಮಾಗಿರಲಿಲ್ಲ, ಅವನು ತಾನೇ ಮಾಡುತ್ತೇನೆಂದು ಎದ್ದ. ಇಬ್ಬರೂ ಅಡುಗೆಮನೆಯ ಬಾಗಿಲಲ್ಲಿ ಒಬ್ಬರಿಗೊಬ್ಬರು ದಾರಿ ಬಿಡುತ್ತ ನಿಂತರು.

ಮರುದಿನ ಅವಳ ಸೋದರಮಾವನ ಫೋನು ಬಂತು. ನನ್ನನ್ನೇ ಕರೆಸಿದ. ಹಳೆಯ ಕಾಲದ ಮೇಷ್ಟರ ಇಂಗ್ಲಿಷು, ಒಂದೊಂದು ಮಾತನ್ನೂ ಇಟ್ಟು ಎತ್ತಿದಂತೆ. ಹೆಂಗಸರ ರಾಜ್ಯದ ಕೊನೆಯ ಮಾತು ಕೇಳಲು ನಾನು ನಿಂತೇ ಇದ್ದೆ.

“ಮೇಡಂ, ನೀವು ನಮ್ಮ ಮಗಳಿಗೆ ಸಾರು ಒಯ್ದು ಕೊಟ್ಟಿರಿ. ಅದಕ್ಕೆ ನಾವು ಋಣಿ. ಆದರೆ ಆ ಕಾಗದದ ಪ್ರಕಾರ ಮಗು ನಮ್ಮದಲ್ಲ. ಅದರ ತಂದೆಯ ತಾಯಿಯ ಕುಲದ್ದು. ದೊಡ್ಡವಳಾದ ಮೇಲೆ ಅವಳು ನಮ್ಮ ಕುಲದ ಹುಡುಗನನ್ನೇ ಮದುವೆಯಾದರೂ ಕಾಗದ ತಡೆಯುವುದಿಲ್ಲ. ನಮಗೆ ಅದು ಅಣ್ಣ ತಂಗಿ ಮದುವೆಯಾದ ಹಾಗೆ.”

ಸಗೋತ್ರದ ಹೆಸರಿನಲ್ಲಿ ಗಂಡುಗಳನ್ನು ತಳ್ಳಿಹಾಕಿದ ಮನೆಯಿಂದ ಬಂದವಳು ನಾನು, ನನಗೆ ಇದಕ್ಕಿಂತ ಹೆಚ್ಚು ವಿವರ ಬೇಕಿರಲಿಲ್ಲ.

“ಮನೆ ಯಾರಿಗೆ ಎಂಬುದು ಆಮೇಲಿನ ಮಾತು. ಮೊದಲು ಅವಳು ಯಾರು ಎಂಬುದು ಸರಿಯಾಗಲಿ. ನೀವೇ ಬರೆದಿರಿ, ನೀವೇ ಸರಿಮಾಡಿಸಿ ಕೊಡಿ” ಎಂದ.

ಕಚೇರಿಗೆ ಓಡಿದೆ. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ ಹೆಂಗಸೊಬ್ಬಳು ಅಲ್ಲಿದ್ದಳು. ಸಮಾಧಾನದ ಹೆಂಗಸು. ಅವಳು ಹೇಳಿದ್ದು ಇಷ್ಟು: ತಂದೆ ತಾಯಿ ಕೂಡಿ ಒಮ್ಮೆ ಹೆಸರು ಆರಿಸಿದರೆ ಮುಗಿಯಿತು, ಮನಸ್ಸು ಬದಲಾಯಿತೆಂದು ಬದಲಿಸಲಾಗದು. ಆದರೆ ಅವರು ಆರಿಸಿಯೇ ಇಲ್ಲ, ಬರೆದವರು ತಪ್ಪು ಮಾಡಿದ್ದಾರೆ ಎಂದಾದರೆ ದಾರಿಯಿದೆ. ಅವರ ಸಮಾಜದಲ್ಲಿ ತಾಯಿಯ ಹೆಸರೇ ನಡೆಯುತ್ತದೆ ಎಂದು ಮ್ಯೂನಿಕ್‌ನ ನಮ್ಮ ಕಾನ್ಸುಲೇಟಿನಿಂದ ಒಂದು ಕಾಗದ ಬೇಕು. ತಂದೆ ಖುದ್ದಾಗಿ ಬಂದು ಹೇಳಿಕೆ ಕೊಡಬೇಕು. ತಾಯಿ ಬಾಣಂತಿ, ಅವಳದು ಬರಹದಲ್ಲಿ ಸಾಕು. ಅವನ ಹೆಂಡತಿ ಬರೆದುಕೊಟ್ಟದ್ದು ಎರಡೇ ಸಾಲು: ನಮ್ಮಲ್ಲಿ ಮಕ್ಕಳಿಗೆ ತಾಯಿಯ ಹೆಸರು, ಫಾರ್ಮು ತುಂಬಿದ್ದು ನಾನಲ್ಲ. ಕಾನ್ಸುಲೇಟಿನ ಕಾಗದ ಬರಲು ಐದು ವಾರ ಹಿಡಿಯಿತು. ಆ ಐದು ವಾರ ಮೇಲಿನ ಮನೆಯಲ್ಲಿ ಮಗುವನ್ನು ಕರೆಯುವ ಹೆಸರೊಂದರಿಂದಲೇ ಕರೆದರು, ಮುಂದಿನದನ್ನು ಯಾರೂ ಎತ್ತಲಿಲ್ಲ.

ಆಮೇಲೆ ಅವನನ್ನು ಕರೆದುಕೊಂಡು ಹೋದೆ. ಅವನಿಗೆ ಜರ್ಮನ್ ಬಾರದು, ಆಕೆಗೆ ಇಂಗ್ಲಿಷು ಅಷ್ಟಕ್ಕಷ್ಟೇ. ನಡುವೆ ನಾನು. ಆಕೆ ಕಾನ್ಸುಲೇಟಿನ ಕಾಗದ ಓದಿದಳು, ಹೆಂಡತಿಯ ಎರಡು ಸಾಲನ್ನೂ ಓದಿದಳು. ಆಮೇಲೆ ಕನ್ನಡಕ ತೆಗೆದು ಅವನ ಕಡೆ ನೋಡಿ ಕೇಳಿದಳು: ಸಹಿ ಮಾಡುವಾಗ ಆ ಹೆಸರು ಯಾರದೆಂದು ನಿಮಗೆ ಗೊತ್ತಿತ್ತೇ?

ನಾನು ಹಿಂದಿಯಲ್ಲಿ ಅವನಿಗೆ ಹೇಳಿದೆ. ಹೇಳುವಾಗಲೇ ತಲೆಯನ್ನು ಇಲ್ಲ ಎಂಬಂತೆ ಆಡಿಸಿ ತೋರಿಸಿದೆ. ಅವನು ನನ್ನನ್ನೇ ನೋಡಿದ.

“ಗೊತ್ತಿತ್ತು, ಕಾಂಗ್” ಎಂದ ಹಿಂದಿಯಲ್ಲೇ. “ನನ್ನ ಹೆಸರನ್ನು ನಾನು ಓದಲಾರೆನೇ? ಎರಡು ಸಲ ಓದಿದೆ. ನನಗೆ ಬೇಕೆನ್ನಿಸಿತು, ಸಹಿ ಮಾಡಿದೆ. ಹಾಗೇ ಹೇಳಿ. ಸುಳ್ಳು ಬೇಡ.”

ಆಕೆ ಪೆನ್ನು ಹಿಡಿದು ಕಾಯುತ್ತಿದ್ದಳು. ನಿಜ ಹೇಳಿದರೆ ಆ ಹೆಸರು ಮಗುವಿಗೆ ಜನ್ಮಕ್ಕಂಟಿಕೊಳ್ಳುತ್ತದೆ, ಶಿಲ್ಲಾಂಗಿನ ಆ ಮನೆಗೆ ಅವಳು ಹೊರಗಿನವಳಾಗುತ್ತಾಳೆ. ನಾನು ಆಕೆಯ ಕಡೆ ತಿರುಗಿ, ನನ್ನ ಅತ್ಯುತ್ತಮ ಜರ್ಮನ್‌ನಲ್ಲಿ, “ಅವರಿಗೆ ಈ ಭಾಷೆ ಬಾರದು. ಯಾವ ಕಾಲಮಿನಲ್ಲಿ ಏನಿದೆಯೆಂದು ತಿಳಿಯಲಿಲ್ಲವಂತೆ. ನನ್ನನ್ನು ನಂಬಿ ಸಹಿ ಮಾಡಿದರಂತೆ” ಎಂದೆ. ಭಾಷೆ ಬಾರದು ಎಂಬುದಷ್ಟೇ ನಿಜ. ಆಕೆ ಬರೆದುಕೊಂಡಳು. ಫಾರ್ಮು ತುಂಬಿದವಳು ತಂದೆ ತಾಯಿಯನ್ನು ಕೇಳದೆ ತನ್ನ ದೇಶದ ರೂಢಿಯಂತೆ ತಪ್ಪಾಗಿ ಬರೆದಿದ್ದಾಳೆ ಎಂದು ನನ್ನಿಂದಲೂ ಸಹಿ ಹಾಕಿಸಿಕೊಂಡಳು. ಜರ್ಮನಿಯ ಸರಕಾರಿ ಕಡತದಲ್ಲಿ ನನ್ನ ಬಗ್ಗೆ ಇರುವ ಒಂದೇ ಅಭಿಪ್ರಾಯ ಅದು.

ಅವನಿಗೆ ಗೊತ್ತಾಯಿತು. ಮಾತು ತಿಳಿಯದಿದ್ದರೂ, ಸತ್ಯಕ್ಕೆ ಅಷ್ಟು ಉದ್ದ ಬೇಕಾಗಿರಲಿಲ್ಲ ಎಂಬುದು ತಿಳಿಯುವಂಥದೇ. ಬಸ್ಸಿನಲ್ಲಿ ಪಕ್ಕದಲ್ಲೇ ಕೂತ. ನಾನು ಕ್ಷಮಿಸಿ ಎಂದೆ. ಯಾವುದಕ್ಕೆ ಎಂದು ನನಗೇ ಗೊತ್ತಿರಲಿಲ್ಲ.

“ಊರಲ್ಲಿ ನಮಗೆ ಎರಡು ಮನೆ” ಎಂದ ಆಮೇಲೆ. “ಹೆಂಡತಿಯ ಮನೆಯಲ್ಲಿ ಅಪ್ಪ. ತಂಗಿಯ ಮನೆಯಲ್ಲಿ ಮಾವ. ಹೆಂಡತಿಯ ಮನೆಯಲ್ಲಿ ನನ್ನ ಹೆಸರು ನಡೆಯುವುದಿಲ್ಲ, ಸರಿ, ಬೇಕಾಗಿಯೂ ಇಲ್ಲ, ಏಕೆಂದರೆ ತಂಗಿಯ ಮಕ್ಕಳಿದ್ದಾರಲ್ಲ. ಅವರು ನನ್ನ ಕುಲ. ಅವರ ಶಾಲೆ, ಮದುವೆ, ಎಲ್ಲಕ್ಕೂ ನನ್ನನ್ನು ಕೇಳುತ್ತಾರೆ. ಇಲ್ಲಿಗೆ ಬಂದ ಮೇಲೆ ಕೇಳುವುದು ನಿಂತಿತು. ಫೋನಿನಲ್ಲಿ ಎಷ್ಟು ಕೇಳಿಯಾರು? ಆ ದಿನ ಆಸ್ಪತ್ರೆಯಲ್ಲಿ ನೀವು ಬರೆದದ್ದು ನೋಡಿದೆ. ಇದೊಂದಾದರೂ ಇರಲಿ ಎನ್ನಿಸಿತು.”

ಮನೆ ಅಳಿಯ ಎಂದು ನಮ್ಮ ಮನೆಯಲ್ಲಿ ಆಡಿಕೊಂಡದ್ದೆಲ್ಲ ನೆನಪಾಗಿ ನಾಚಿಕೆಯಾಯಿತು. ಬಿಟ್ಟು ಬಂದ ಎರಡನೆಯ ಮನೆಯೊಂದು ಅವನಿಗಿದೆ ಎಂಬುದು ನಮ್ಮ ಯಾರ ಲೆಕ್ಕದಲ್ಲೂ ಇರಲಿಲ್ಲ.

“ಅವಳಿಗೆ ಹೇಳಬೇಡಿ” ಎಂದ, ಇಳಿಯುವ ಮೊದಲು. “ಅವಳ ಮನೆಯಿಂದ ಕದ್ದೆ ಎಂದುಕೊಂಡಾಳು. ಕದ್ದದ್ದೇ ಹೌದು.”

ಹೊಸ ಜನನ ಪತ್ರ ತಾಯಿಯ ಕುಲದ ಹೆಸರು ಹೊತ್ತು ತಿಂಗಳೊಳಗೆ ಬಂತು. ಅದರ ಮರುದಿನ ಬೆಳಗ್ಗೆ ಅವಳು ಮಗುವನ್ನು ಎತ್ತಿಕೊಂಡು ಕೆಳಗೆ ಬಂದಳು. ಅವನು ಊರೊಳಗೆ ಸಾಮಾನು ತರಲು ಹೋಗಿದ್ದ. ಮನೆಯಿಂದ ಬಂದ ಪಾರ್ಸಲಿನ ಅಡಿಕೆ, ಎಲೆ, ಸುಣ್ಣ ಒಂದು ಸಣ್ಣ ಡಬ್ಬಿಯಲ್ಲಿ ತಂದಿದ್ದಳು. ಅವರಲ್ಲಿ ಮನೆಗೆ ಬಂದವರಿಗೂ ಹೋದ ಮನೆಗೂ ಅದೇ ಮೊದಲ ಮರ್ಯಾದೆ, ನಮ್ಮ ಎಲೆ ಅಡಿಕೆಯ ಹಾಗೆ. ನಾವು ಅಡುಗೆಮನೆಯಲ್ಲಿ ಕೂತು ಹಾಕಿಕೊಂಡೆವು. ಅಡಿಕೆ ಬಲು ಖಡಕ್ಕು, ನನಗೆ ಬೆವರು ಬಂತು.

“ಮಾವ ನಿಮಗೆ ಥ್ಯಾಂಕ್ಸ್ ಹೇಳಲು ಹೇಳಿದ್ದಾರೆ” ಎಂದಳು.

“ನನ್ನಿಂದಲೇ ಆದದ್ದು, ನಾನೇ ತಿದ್ದಿಸಿದೆ. ಇದರಲ್ಲಿ ಥ್ಯಾಂಕ್ಸ್ ಎಂಥದು” ಎಂದೆ.

ಅವಳು ಮಗುವಿನ ಕಾಲುಚೀಲ ಸರಿಮಾಡಿದಳು. ಸರಿಯಾಗಿಯೇ ಇತ್ತು.

“ನೀವು ಎಲ್ಲವನ್ನೂ ನಿಮ್ಮ ಮೇಲೆ ಹಾಕಿಕೊಂಡಿರಿ. ಅದಕ್ಕೆ ಹೇಳುತ್ತೇನೆ. ಆಸ್ಪತ್ರೆಯಲ್ಲಿ ನನಗೆ ಮಂಪರು ಇರಲಿಲ್ಲ. ಓದಿಯೇ ಸಹಿ ಮಾಡಿದೆ.”

ನನ್ನ ಬಾಯಿಯಲ್ಲಿ ಎಲೆ ಅಡಿಕೆ ಇತ್ತು. ಉಗಿಯಲೂ ಇಲ್ಲ, ನುಂಗಲೂ ಇಲ್ಲ.

“ನನಗಾಗಿ ಅವನು ತಂಗಿಯ ಮಕ್ಕಳನ್ನು ಬಿಟ್ಟು ಬಂದ” ಎಂದಳು. “ಅಲ್ಲಿ ಅವನು ಬಂದರೆ ಆ ಮಕ್ಕಳು ಎದ್ದು ನಿಲ್ಲುತ್ತಿದ್ದವು. ಇಲ್ಲಿ ಅವನಿಗೆ ಯಾರು ಏಳುತ್ತಾರೆ? ಫಾರ್ಮಿನಲ್ಲಿ ಅವನ ಹೆಸರು ನೋಡಿದೆ. ನೀವು ತಪ್ಪಿ ಬರೆದಿದ್ದೀರಿ ಎಂದು ಗೊತ್ತಾಯಿತು. ಬಾಯಿ ತೆರೆದು ಕೊಡಲು ನನಗೆ ಧೈರ್ಯವಿರಲಿಲ್ಲ, ನಿಮ್ಮ ತಪ್ಪಿನಲ್ಲಿ ಕೊಟ್ಟುಬಿಡೋಣ ಎನ್ನಿಸಿತು. ಈ ಊರಲ್ಲಿ ಯಾರು ನೋಡುತ್ತಾರೆ ಎಂದುಕೊಂಡೆ. ಆದರೆ ಅಮ್ಮ ಕಾಗದ ಓದು ಎಂದಾಗ ಸುಳ್ಳು ಓದಲಾಗಲಿಲ್ಲ.”

“ಅವನಿಗೆ ಹೇಳಿದ್ದೀರಾ?”

“ಇಲ್ಲ. ಹೇಗೆ ಹೇಳಲಿ? ಅವನಿಗೆ ಆ ಫಾರ್ಮಿನಲ್ಲಿ ಏನಿತ್ತೆಂದೇ ತಿಳಿದಿರಲಿಲ್ಲವಂತೆ, ಕಚೇರಿಯಲ್ಲಿ ಹಾಗೇ ಬರೆಸಿದ್ದೀರಲ್ಲ. ಗೊತ್ತಾದರೆ ಕೊಟ್ಟು ಕಿತ್ತುಕೊಂಡಳು ಎಂದುಕೊಳ್ಳುತ್ತಾನೆ. ನೀವೂ ಹೇಳಬೇಡಿ.”

ಅವಳು ಕೊಟ್ಟದ್ದನ್ನು ಅವನು ಕದ್ದೆನೆಂದುಕೊಂಡಿದ್ದ. ಒಂದೇ ಮನೆಯಲ್ಲಿ, ಒಂದೇ ಮಗುವನ್ನು ಸರದಿಯಲ್ಲಿ ಎತ್ತಿಕೊಳ್ಳುತ್ತ ಇಬ್ಬರೂ ಇದನ್ನು ಇಟ್ಟುಕೊಂಡಿದ್ದರು. ಎರಡೂ ಮಾತು ಸೇರಿದ್ದು ನನ್ನ ಹತ್ತಿರ ಮಾತ್ರ. ಆ ಗಳಿಗೆಯಲ್ಲೇ ಹೇಳಬಹುದಿತ್ತು. ಆದರೆ ಅವನಿಗೆ ಮಾತು ಕೊಟ್ಟಿದ್ದೆ, ಈಗ ಅವಳಿಗೂ ಕೊಟ್ಟೆ. ಮೇಲಾಗಿ ಇನ್ನೊಬ್ಬರ ಕಾಗದದಲ್ಲಿ ಮತ್ತೊಮ್ಮೆ ಕೈ ಹಾಕುವ ಧೈರ್ಯ ನನಗೆ ಉಳಿದಿರಲಿಲ್ಲ. ಮಗು ಅಳತೊಡಗಿತು, ಅವಳು ಎದ್ದು ಹೋದಳು.

ಎರಡು ವರ್ಷದ ಮೇಲೆ ಅವರು ಊರಿಗೆ ಹೊರಟರು. ಅವಳ ತಾಯಿಗೆ ಕೈಲಾಗುತ್ತಿರಲಿಲ್ಲ, ಕಿರಿಮಗಳು ಹೋಗಲೇಬೇಕಿತ್ತು. ಅವನಿಗೆ ಆ ಹೊತ್ತಿಗೆ ಪರ್ಮಿಟ್ ಸಿಕ್ಕಿ ಒಂದು ಗೋದಾಮಿನಲ್ಲಿ ಕೆಲಸವಿತ್ತು, ಅದನ್ನು ಬಿಟ್ಟ. ಹಳೆಯ ಶಾಲೆಯಲ್ಲಿ ಜಾಗವಿದೆಯಂತೆ, ತಂಗಿಯ ಮಗ ಈಗ ಅಲ್ಲೇ ಓದುತ್ತಿದ್ದಾನಂತೆ. ಅದನ್ನು ನನಗೆ ಎರಡು ಸಲ ಹೇಳಿದ.

ಬೆಳಗ್ಗೆ ಟ್ಯಾಕ್ಸಿ ಬಂತು. ನನ್ನ ಗಂಡ ಆಫೀಸಿಗೆ ತಡವಾಗಿ ಹೋಗುತ್ತೇನೆಂದು ನಿಂತು, ಅವನ ಜೊತೆ ಕೂಡಿ ಸೂಟ್‌ಕೇಸುಗಳನ್ನು ಇಳಿಸಿದರು. ಮಗು ಅವನ ಹೆಗಲ ಮೇಲೆ ಕೂತು ಕೂದಲು ಹಿಡಿದುಕೊಂಡಿತ್ತು. ಅವಳು ಪಕ್ಕದಲ್ಲಿ ನಿಂತು ಅದರ ಟೊಪ್ಪಿಗೆ ಕಟ್ಟುತ್ತಿದ್ದಳು. ಇಬ್ಬರೂ ನನ್ನ ಮುಂದೆ, ಒಂದು ಮಾರಿನ ದೂರದಲ್ಲಿದ್ದರು. ಅವಳಿಗೆ, ಇವನೂ ಓದಿದ್ದ ಎನ್ನಬೇಕಿತ್ತು. ಅವನಿಗೆ, ಇವಳೇ ಕೊಟ್ಟಳು ಎನ್ನಬೇಕಿತ್ತು. ಎರಡೇ ವಾಕ್ಯ, ಮಾತು ಮುರಿದ ಪಾಪ ನನಗಿರಲಿ ಎಂದು ರಾತ್ರಿಯೆಲ್ಲ ಮನಸ್ಸು ಮಾಡಿಕೊಂಡೇ ಇಳಿದು ಬಂದಿದ್ದೆ.

ಪಾಸ್‌ಪೋರ್ಟು ತಗೊಂಡಿರಾ ಎಂದು ಕೇಳಿದೆ. ಇಬ್ಬರೂ ಒಟ್ಟಿಗೆ ಜೇಬು ಮುಟ್ಟಿ ನೋಡಿಕೊಂಡರು.